ಬಾಣಂತಿಗೆ ಯಾರೂ ಹಾಕದ ನೀರು

“ಆಂಟಿ, ನಾನೂ ಒಂದ್ಸಲ ಅದ್ರೊಳಗೆ ಕೂತ್ಕೊಳ್ಲಾ?”

ಕೆಳಗಿನ ಮನೆಯ ನಗೀನಾ ಬಾಗಿಲಲ್ಲೇ ನಿಂತು ಕೇಳಿದಳು. ಮಂಡಿ ನೋವಿಗೆಂದು ನಾನು ಶಿರಾ ಗೇಟ್ ಹತ್ತಿರದ ಅಂಗಡಿಯಿಂದ ತಂದಿದ್ದ ಹಬೆಸ್ನಾನದ ಟೆಂಟ್ ಅದು. ತಲೆ ಮಾತ್ರ ಹೊರಗಿಟ್ಟು ಒಳಗೆ ಕೂತರೆ ಮೈಯೆಲ್ಲ ಬೆವರಿ ಹಗುರಾಗುತ್ತದೆ. ನೋವು ಇಳಿದಿದೆ, ಒಳ್ಳೇ ನಿದ್ದೆ ಬರುತ್ತಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ.

“ಈ ವಯಸ್ಸಿಗೆ ನಿಂಗ್ಯಾಕಮ್ಮ ಇದು?”

“ಸೊಂಟ ಸೆಳೀತದೆ ಆಂಟಿ. ಮಗು ಉಳೀಲಿಲ್ಲ ಅಂತ ನಂಗೆ ಯಾರೂ ಬಾಣಂತಿ ನೀರೇ ಹಾಕ್ಲಿಲ್ಲ. ಹೆತ್ತಿದ್ದಂತೂ ಹೆತ್ತಿದೀನಲ್ವಾ?”

ಎರಡು ತಿಂಗಳ ಹಿಂದೆ ಅವಳ ಮಗು ಹುಟ್ಟಿದ ದಿನವೇ ತೀರಿಕೊಂಡಿತ್ತು. ಮಗುವಿಗಾಗಿ ಅತ್ತವರೆಲ್ಲ, ಮನೆಯಲ್ಲಿ ಒಬ್ಬ ಬಾಣಂತಿ ಇದ್ದಾಳೆ ಎಂಬುದನ್ನೇ ಮರೆತುಬಿಟ್ಟಿದ್ದರು.

ಹಬೆ ಸಣ್ಣಗಿಟ್ಟು ಕೂರಿಸಿದೆ. ಅವಳ ಕೈಗಳು ಟೆಂಟಿನೊಳಗಿದ್ದವು; ಅಳು ಬಂದಾಗ ಕಣ್ಣು ನಾನೇ ಒರೆಸಿದೆ. ಹೊರಬಂದ ಮೇಲೆ ಬಾಣಂತಿಗೆ ಮಾಡುವ ಹಾಗೇ ಬಿಸಿನೀರು ಹಾಕಿ, ತಲೆಗೆ ಸಾಂಬ್ರಾಣಿ ಹೊಗೆ ಕೊಟ್ಟು, ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ ಮಂಚದ ಮೇಲೆ ಮಲಗಿಸಿದೆ. ಕಣ್ಣು ಮುಚ್ಚುವ ಮೊದಲು ಅವಳು ಈಚೆಗೆ ಸರಿದು, ಗೋಡೆಯ ಕಡೆ ಒಂದು ಮಗುವಿನಷ್ಟು ಜಾಗ ಬಿಟ್ಟಳು.

ಆ ಟೆಂಟಿನಿಂದ ಏನೇನು ಉಪಯೋಗ ಎಂದು ಬೀದಿಯವರು ಈಗಲೂ ಕೇಳುತ್ತಾರೆ. ನನಗೆ ಆ ಗೋಡೆ ಪಕ್ಕದ ಜಾಗ ಕಣ್ಣಿಗೆ ಕಟ್ಟುತ್ತದೆ. ಮಂಡಿ ನೋವಿಗೆ ಒಳ್ಳೇದು ಎಂದಷ್ಟೇ ಹೇಳುತ್ತೇನೆ.