ಸೋಮವಾರದ ನೀರು

ಬರೆದ ಪಟ್ಟಿಯಲ್ಲಿ ಒಂದು ಅಂಕಣವೂ ಖಾಲಿ ಇರಬಾರದು ಎಂದು ಜೇವರ್ಗಿಯಲ್ಲಿ ನನಗೆ ಅಕ್ಷರ ಕಲಿಸಿದ ಮಾಸ್ತರರು ಹೇಳಿಕೊಟ್ಟಿದ್ದರು. ಖಾಲಿ ಬಿಟ್ಟರೆ ಅಂಗೈ ಮೇಲೆ ಒಂದು ಛಡಿ ಏಟು. ಬೆಳಿಗ್ಗೆ ಐದಕ್ಕೆ ಏಳುವುದು, ಗೆರೆ ಹಾಕಿಕೊಳ್ಳದೆ ಬರೆಯದಿರುವುದು, ಬರೆದ ಮೇಲೆ ಲೇಖನಿಯ ಟಾಕು ತೊಳೆದಿಡುವುದು, ಎಲ್ಲವನ್ನೂ ಅವರಿಂದಲೇ ಕಲಿತೆ. ಆ ಶಿಸ್ತಿನಿಂದ ನನಗೆ ಜೀವನವಿಡೀ ಅನ್ನ ಸಿಕ್ಕಿತು. ಅದೇ ಶಿಸ್ತಿನಿಂದ ಒಂದು ಕೇರಿಯ ಕುಡಿಯುವ ನೀರು ಹೋಯಿತು. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಹೊರಗೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ನಮ್ಮಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ನಾನು ಒಂದು ತಾಲೂಕು ಕಚೇರಿಯಲ್ಲಿ ಬರೆಯುವ ಕೆಲಸದವ, ಕಿರಿಯ ಮುನಶಿ. ಆಳಂದದ ಕಡೆಯ ದಿಬ್ಬಗಳಲ್ಲಿ ಹುಟ್ಟಿ ಅಫಜಲಪುರದ ಸೀಮೆಯಲ್ಲಿ ಭೀಮೆಗೆ ಕೂಡುವ ಒಂದು ಹಳ್ಳ. ಅದರ ದಂಡೆಗೆ ಒಂದರ ಕೆಳಗೆ ಒಂದರಂತೆ ಮೂರು ಊರು. ದೀಪಾವಳಿ ಮುಗಿದು ಹರಿವು ಸಣ್ಣಗಾದ ಮೇಲೆ ಮೂರೂ ಊರಿನವರು ಕಲ್ಲು, ಜಾಲಿಮುಳ್ಳು, ಕೆಸರು ಹಾಕಿ ತಮ್ಮ ತಮ್ಮ ಒಡ್ಡು ಕಟ್ಟುತ್ತಿದ್ದರು. ನಿಂತ ನೀರನ್ನು ಎತ್ತು ಹೂಡಿ ತೊಗಲಿನ ಚೀಲದಲ್ಲಿ ಎತ್ತಿ ಬದನೆ, ಮೆಣಸಿನಕಾಯಿ, ಉಳ್ಳಾಗಡ್ಡಿಗೆ ಬಿಡುತ್ತಿದ್ದರು. ಮೇಲಿನವರು ಬಿಗಿಯಾಗಿ ಕಟ್ಟಿದರೆ ಕೆಳಗಿನವರು ಕೊಡಲಿ ಹಿಡಿದು ಬರುತ್ತಿದ್ದರು. ವರ್ಷವೂ ಒಂದೆರಡು ತಲೆ ಒಡೆಯುತ್ತಿದ್ದವು, ವರ್ಷವೂ ಕಚೇರಿಗೆ ಅರ್ಜಿಗಳು.

ಕಚೇರಿಗೆ ಸಾಕಾಗಿ ಒಂದು ಹುಕುಂ ಹೊರಟಿತು. ಹಳ್ಳದ ಕಾರಭಾರ ಇನ್ನು ಹಳ್ಳದವರದೇ. ಊರಿಗೆ ಇಬ್ಬರಂತೆ ಆರು ಜನ ಪಂಚರು. ನೀರಿನ ಪಾಳಿ ಅವರೇ ಗೊತ್ತುಮಾಡಬೇಕು, ಜಗಳ ಅವರೇ ಹರಿಸಬೇಕು, ಕಚೇರಿ ನಡುವೆ ಬರುವುದಿಲ್ಲ. ಬರೆದಿಡಲು ಮಾತ್ರ ಒಬ್ಬ ಮುನಶಿ. ನನ್ನನ್ನು ಕಳಿಸಿದರು. ನಾನು ಖುಷಿಯಿಂದ ಹೋದೆ. ಹಳ್ಳವನ್ನೇ ಕಾಣದ ಸಾಹೇಬರು ಹಳ್ಳದ ಹಣೆಬರಹ ಬರೆಯುವುದಕ್ಕಿಂತ ಅದರ ನೀರು ಕುಡಿಯುವವರು ಬರೆಯುವುದು ಮೇಲು ಎಂದು ಆಗ ನಂಬಿದ್ದೆ, ಈಗಲೂ ನಂಬುತ್ತೇನೆ. ಆರು ಹೆಸರು ಬರೆದುಕೊಳ್ಳುವಾಗ ಆರೂ ಜನ ತೋಟ ಉಳ್ಳವರೆಂಬುದು ಕಣ್ಣಿಗೆ ಬಿದ್ದಿತ್ತು. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮೊದಲ ಸಭೆ ನಡುವಿನ ಊರಿನ ಚಾವಡಿಯಲ್ಲಿ. ಪಂಚರು ಕಟ್ಟೆಯ ಮೇಲೆ ಕಂಬಳಿ ಹಾಸಿ ಕುಳಿತಿದ್ದರು. ಡಂಗುರ ಸಾರುವವನು ಹಲಗೆ ಹೆಗಲಿಗೆ ಹಾಕಿಕೊಂಡು ಕಟ್ಟೆಯ ಕೆಳಗೆ ಬಿಸಿಲಲ್ಲಿ ನಿಂತಿದ್ದ. ಕೊನೆಯ ಊರಿನ ಆಚೆ, ಕೊನೆಯ ಒಡ್ಡಿಗಿಂತಲೂ ಕೆಳಗೆ, ಮುಟ್ಟಬಾರದವರೆಂದು ಊರು ಹೊರಗಿಟ್ಟ ಜನರ ಕೇರಿ ಇತ್ತು. ಅವನು ಅಲ್ಲಿಯವನು.

ಒಂದು ತಾಸಿನಲ್ಲಿ ಪಾಳಿ ಗೊತ್ತಾಯಿತು. ಮೇಲಿನ ಊರಿಗೆ ಮಂಗಳವಾರ, ಬುಧವಾರ. ನಡುವಿನದಕ್ಕೆ ಮುಂದಿನ ಎರಡು ದಿನ. ಕೆಳಗಿನದಕ್ಕೆ ಶನಿವಾರ, ಭಾನುವಾರ. ಪಟ್ಟಿಯಲ್ಲಿ ಒಂದು ಅಂಕಣ ಖಾಲಿ ಉಳಿಯಿತು.

"ಸೋಮವಾರ ಯಾರಿಗ್ರಿ?" ಎಂದು ಕೇಳಿದೆ.

ಪಂಚರಲ್ಲಿ ಹಿರಿಯರಾದ ಮೇಲಿನ ಊರಿನ ಗೌಡರು ಅಡಿಕೆ ಕತ್ತರಿಸುತ್ತ ಹೇಳಿದರು: "ಸೋಮವಾರ ಬಸವಣ್ಣನ ವಾರರಿ, ಮುನಶಿಯವ್ರ. ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ನೀರು ಎತ್ತಾವ್ರು ಯಾರು?"

"ಹಂಗಾದ್ರ ಅವತ್ತಿನ ನೀರು?"

"ಒಡ್ಡಿನ ಬಾಯಿ ಬಿಚ್ಚಿರ್ತೇವು. ಹರದು ಹೋಗ್ತದ."

"ಎಲ್ಲಿಗಿ?"

"ಕೆಳಗ. ನೀರು ಮತ್ತ ಮ್ಯಾಲ ಹತ್ತತದೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೆಳಗೆ ಎಂದರೆ ಯಾರ ಬಳಿಗೆ ಎಂಬ ಇನ್ನೊಂದು ಪ್ರಶ್ನೆ ಉಳಿದಿತ್ತು, ಅದನ್ನು ಕೇಳಲಿಲ್ಲ. ಹೋಗುವ ನೀರನ್ನು ಹಿಡಿದಿಟ್ಟರೆ ಮುಂದಿನ ಪಾಳಿಗಳಲ್ಲಿ ಎಲ್ಲರಿಗೂ ಅನುಕೂಲವಲ್ಲವೇ ಎಂದು ಲೆಕ್ಕ ಹಾಕಿ, ನಾನೇ ಸೂಚಿಸಿ, ನಾನೇ ಬರೆದೆ: "ಸೋಮವಾರ: ಮೂರೂ ಒಡ್ಡು ಬಂದ್. ನೀರು ಜಮಾ."

ಆರೂ ಜನ ಒಬ್ಬರ ಮುಖ ಒಬ್ಬರು ನೋಡಿದರು. ಮೆಚ್ಚುಗೆಯೆಂದು ತಿಳಿದೆ. ಕೊನೆಗೆ ಗೌಡರು, "ಮುನಶಿಯವ್ರು ಭಾಳ ಹುಶಾರ ಅದಾರ ನೋಡ್ರಿ. ನಮ್ಗ ಇದು ಹೊಳದಿದ್ದೇ ಇಲ್ಲ" ಎಂದರು. ಆರು ಹೆಬ್ಬೆಟ್ಟುಗಳು ಬಿದ್ದವು.

ಗೌಡರು ಕೆಳಗೆ ನಿಂತವನ ಕಡೆ ತಿರುಗಿದರು. "ಏನಲೇ, ಕಲ್ಲಾಗಿ ನಿಂತಿ? ಹೋಗು, ಮೂರೂ ಊರಾಗ ಸಾರು."

"ಸಾರ್ತೇನ್ರಿ ಯಪ್ಪಾ. ಸೋಮವಾರದ್ದು ಇನ್ನೊಮ್ಮಿ ಓದ್ರಿ ಸಾಹೇಬ್ರ, ತಪ್ಪಬಾರದು."

ಕೆಲಸದಲ್ಲಿ ಎಷ್ಟು ಎಚ್ಚರ ಎಂದುಕೊಂಡು ಮತ್ತೆ ಓದಿದೆ. ಅವನು ಒಂದಕ್ಷರ ಬಿಡದೆ ಬಾಯಿಪಾಠ ಒಪ್ಪಿಸಿ ಹೋದ. ಮೂರೂ ಊರುಗಳಲ್ಲಿ ಹಲಗೆ ಬಡಿದು ಹಾಗೆಯೇ ಸಾರಿದ.

ಮೂರು ಸೋಮವಾರ ಕಳೆದ ಮೇಲೆ ಅವನು ನಾನಿದ್ದ ಮನೆಯ ಮುಂದೆ ಓಣಿಯಲ್ಲಿ ನಿಂತು ಕೂಗಿದ. "ಸಾಹೇಬ್ರ, ಒಮ್ಮಿ ಬಂದು ನೋಡ್ರಿ. ದೂರಿಂದ ನೋಡಿದ್ರೂ ಸಾಕು."

ಮರುದಿನ ಬೆಳಿಗ್ಗೆ ಹೋದೆ. ದೂರದಿಂದಲೇ ನೋಡಿದೆ, ಆಗ ನಾನೂ ಹಾಗೆಯೇ ಇದ್ದೆ. ಊರ ಬಾವಿ ಮುಟ್ಟುವಂತಿಲ್ಲದ ಆ ಜನ ಹಳ್ಳದ ಮರಳಿನಲ್ಲಿ ವರತಿ ತೋಡಿ, ಅದರಲ್ಲಿ ಜಿನುಗಿದ್ದನ್ನು ಬಳಿದು ಕುಡಿಯುತ್ತಿದ್ದರು. ವಾರದಲ್ಲಿ ಒಂದು ದಿನ, ಎತ್ತುಗಳು ಮಲಗಿದ ದಿನ, ಮೂರು ಒಡ್ಡು ದಾಟಿ ಬರುವ ನೀರು ಆ ಮರಳನ್ನು ನೆನೆಸುತ್ತಿತ್ತು. ಉಳಿದ ಆರು ದಿನ ವರತಿ ಅದನ್ನೇ ಕೊಡುತ್ತಿತ್ತು. ಈಗ ವರತಿ ಆಳುದ್ದ ಇಳಿದಿತ್ತು. ಅವನ ತಾಯಿ ಅದರೊಳಗೆ ಕುಳಿತು ಚಿಪ್ಪಿನಿಂದ ಕೆಸರು ನೀರು ಬಳಿಯುತ್ತಿದ್ದಳು. ನಮ್ಮ ಮಾತು ಕೇಳಿ ತಲೆಯೆತ್ತಿದಳು.

"ಯಾರವರು, ಮುನಶಿಯೇನು? ನಮ್ಮ ಸೋಮವಾರ ಎಲ್ಲಿಟ್ಟೀರಿ ಯಪ್ಪಾ? ನಿಮ್ಮ ಕಚೇರಿ ಪೆಟಿಗ್ಯಾಗೇನು? ಒಂದು ಕೊಡಪಾನ ತುಂಬಿ ಕೊಡ್ರಿ, ಮತ್ತ ಕೀಲಿ ಹಾಕ್ಕೊಳ್ರಿ."

ನಾನು ಮಗನಿಗೆ ಸಿಟ್ಟಿನಿಂದಲೇ ಕೇಳಿದೆ: "ಅವತ್ತ ಯಾಕ ಹೇಳಲಿಲ್ಲ?"

"ನಾ ಕೆಳಗ ನಿಂತವ್ರಿ ಸಾಹೇಬ್ರ. ಮ್ಯಾಲ ಕೂತವ್ರಿಗಿ ಗೊತ್ತಿಲ್ಲಂತ ನಾ ಹ್ಯಾಂಗ ತಿಳೀಲಿ? ಗೊತ್ತಿದ್ದೇ ಬರಸ್ಯಾರ ಅನ್ಕೊಂಡೆ."

ಅವನು ತಿಳಿದದ್ದು ಸರಿಯಾಗಿತ್ತು. ಆರು ಜನರಿಗೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ, ಬರೆದವನೂ ನಾನೇ.

ಸಭೆ ಕರೆಸಿ ಪಟ್ಟಿ ತಿದ್ದಬೇಕೆಂದೆ. ಗೌಡರು ನಗುತ್ತಲೇ ಇದ್ದರು. "ಪಟ್ಟಿ ಮಾಡಿದವ್ರು ನೀವ. ನಾವೇನು ಬೇಡಿದ್ದೇವೇನ್ರಿ?"

"ಮುತ್ತ್ಯಾನ ಕಾಲದಿಂದ ಅವ್ರಿಗಿ ನೀರು ಬಿಡ್ತಿದ್ರಿ."

"ಬಿಡ್ತಿದ್ದಿಲ್ಲರಿ, ಹೋಗ್ತಿತ್ತು. ಬಿಡೂದು ಬ್ಯಾರೆ, ಹೋಗೂದು ಬ್ಯಾರೆ. ಈಗ ಬರಹ ಆಗ್ಯಾದ. ಬೇಕಾದ್ರ ಕೈ ಎತ್ತಸ್ರಿ."

ಕೈ ಎತ್ತಿಸಿದೆ. ಒಂದೂ ಏಳಲಿಲ್ಲ. ಕೆಳಗಿನ ಊರಿನ ಇಬ್ಬರು ಕೂಡ ಎತ್ತಲಿಲ್ಲ. ಆ ಕೇರಿಯ ಜನ ವರ್ಷವಿಡೀ ದುಡಿಯುತ್ತಿದ್ದದ್ದು ಅವರ ಹೊಲದಲ್ಲೇ.

ಕಚೇರಿಗೆ ಅರ್ಜಿ ಬರೆದೆ, ನಕಲು ಇಟ್ಟುಕೊಂಡೆ. ಎರಡು ತಿಂಗಳ ಮೇಲೆ ಉರ್ದುವಿನಲ್ಲಿ ಮೂರು ಸಾಲಿನ ಉತ್ತರ ಬಂತು: ಇದು ಹಳ್ಳದ ಪಂಚಾಯ್ತಿಗೆ ಬಿಟ್ಟ ವಿಷಯ, ಕಚೇರಿ ನಡುವೆ ಬರುವುದಿಲ್ಲ. ನಾನು ಮೆಚ್ಚಿದ್ದ ಹುಕುಮಿನ ಮಾತೇ ಅದು. ಆ ಎರಡು ತಿಂಗಳಲ್ಲಿ ಎಂಟು ಸೋಮವಾರಗಳಿದ್ದವು. ಒಂದು ಸಲಿಕೆ ಹಿಡಿದು ಹೋಗಿ ಒಡ್ಡಿನ ಬಾಯಿ ಬಿಚ್ಚಬಹುದಿತ್ತು. ನನಗೆ ಅದು ತೋಚಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ತೋಚಿತ್ತು. ನಿಯಮಕ್ಕೆ ವಿರುದ್ಧವೆಂದು ಸುಮ್ಮನಿದ್ದೆ.

ಉತ್ತರ ಬರುವ ಮೊದಲೇ ಕೇರಿ ಖಾಲಿಯಾಗಿತ್ತು. ಗುಡಿಸಲಿನ ಗಳ, ಬಾಗಿಲು ಕಿತ್ತು ತಲೆಯ ಮೇಲೆ ಹೊತ್ತು ಅವರು ಘತ್ತರಗಿಯ ಕಡೆಗೆ ನಡೆದು, ಭೀಮೆಯ ದಂಡೆಗೆ ಯಾರೂ ಉಳದ ಒಂದು ತುಂಡು ನೆಲದಲ್ಲಿ ಇಳಿದಿದ್ದರು. ಯಾರೂ ಉಳದಿದ್ದುದಕ್ಕೆ ಕಾರಣವಿತ್ತು: ಹೊಳೆ ತುಂಬಿದರೆ ಮೊದಲು ಮುಳುಗುವ ನೆಲ ಅದು.

ಕೇರಿ ಹೋದದ್ದರ ಬಿಸಿ ಮೂರೂ ಊರಿಗೆ ತಟ್ಟಿದ್ದು ಮೇಲಿನ ಊರಿನಲ್ಲಿ ಒಂದು ಎತ್ತು ಸತ್ತಾಗ. ಸತ್ತ ದನ ಎಳೆದು ಹಾಕುತ್ತಿದ್ದವರು ಕೇರಿಯವರೇ, ಈಗ ಅವರಿಲ್ಲ. ಮೂರು ದಿನ ಅದು ಗೌಡರ ದನದ ಕೊಟ್ಟಿಗೆಯ ಮುಂದೆ ಬಿದ್ದಿತ್ತು. ನಾಲ್ಕನೆಯ ದಿನ ಮೂಗಿಗೆ ಧೋತರದ ಚುಂಗು ಹಿಡಿದುಕೊಂಡೇ ಪಂಚರು ಸಭೆ ಸೇರಿದರು. ಸೋಮವಾರದ ನೀರು ಕೇರಿಗೆ ಎಂದು ಠರಾವು ಮಾಡಲು ಒಂದು ಚಿಲುಮೆ ತಂಬಾಕು ಮುಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ನಾನು "ಕೇರಿಯವರ ಹಕ್ಕಿನ ಪ್ರಕಾರ" ಎಂದು ಶುರುಮಾಡಿದೆ.

"ಹಕ್ಕು ಗಿಕ್ಕು ಬ್ಯಾಡ," ಎಂದರು ಗೌಡರು. "ಪಂಚರ ಮೆಹರ್ಬಾನಿಯಿಂದ ಅಂತ ಬರೀರಿ. ಇವತ್ತ ಹಕ್ಕಂದ್ರ ನಾಳಿ ಕಟ್ಟಿ ಮ್ಯಾಲ ಬಂದು ಕೂಡ್ತಾರ."

ಹೊಡೆದು ಹಾಕಿ ಹಾಗೆಯೇ ಬರೆದೆ. ಕಾಗದ ಹಿಡಿದು ಭೀಮೆಯ ದಂಡೆಗೆ ನಡೆದೆ. ಡಂಗುರದವನು ಗಳ ನೆಡುತ್ತಿದ್ದ. ಕೈ ಒರೆಸಿಕೊಂಡು ನಿಂತು, ಪೂರ್ತಿ ಕೇಳಿದ.

"ಪಂಚರು ಖುಷಿಯಿಂದ ಕೊಟ್ಟಾರ. ಮುಂದಿನ ವರ್ಸ ಖುಷಿ ಇರ್ಲಿಲ್ಲಂದ್ರ?"

ನಾನು ಕಾಗದ ಮಡಚಿದೆ.

"ನಮ್ಮವ್ರೊಬ್ರನ್ನ ಪಂಚರೊಳಗ ಬರ್ಕೊಳ್ರಿ ಸಾಹೇಬ್ರ. ಏಳನೇದವ್ರು ಅಂತ. ಮ್ಯಾಲ ಕೂಡಸಬ್ಯಾಡ್ರಿ, ಕೆಳಗ ನಿಂತೇ ಮಾತಾಡ್ತಾನ. ಹೆಸ್ರು ಒಂದು ಬರೀರಿ. ಅವತ್ತ ಗಳ ಕಿತ್ತು ತಿರುಗಿ ಬರ್ತೇವು."

ಅವನ ತಾಯಿ ಒಲೆಯ ಹತ್ತಿರದಿಂದ ಕೂಗಿದಳು: "ಹೆಸ್ರು ಬರೂತನ ಎತ್ತು ಅಲ್ಲೇ ಇರ್ಲಿ ಅನ್ನು!"

ನಡೆದದ್ದನ್ನೆಲ್ಲ ಸಭೆಗೆ ಬಂದು ಒಪ್ಪಿಸಿದೆ. ಏಳನೆಯ ಹೆಸರು ಎಂದ ಕೂಡಲೇ ಒಬ್ಬರು ಎದ್ದು ಚಪ್ಪಲಿ ಹಾಕಿಕೊಂಡರು. ಗೌಡರು ಮಾತ್ರ ಶಾಂತವಾಗಿ, ಹೀಗೆ ಬರೆಯಲು ಹೇಳಿದರು: "ಸೋಮವಾರದ ನೀರು ಕೊಡಲು ಪಂಚರು ಒಪ್ಪಿದರು. ಕೇರಿಯವರು ಬೇಡವೆಂದರು."

"ಅವ್ರು ಬ್ಯಾಡನ್ನಲಿಲ್ಲರಿ. ಒಂದು ಹೆಸ್ರು ಕೇಳ್ಯಾರ."

"ಅದು ನೀರಿನ ಮಾತಲ್ಲ, ಮುನಶಿಯವ್ರ. ನೀರಿನ ಪುಸ್ತಕದಾಗ ನೀರಿನ ಮಾತಷ್ಟ ಬರೀರಿ."

ಬರೆದೆ.

ಆ ಮಳೆಗಾಲ ಭೀಮೆ ದಂಡೆ ಏರಿತು. ಗುಡಿಸಲುಗಳು ಹೋದವು. ಜನ ಉಳಿದರು, ಆದರೆ ಕೇರಿಯಾಗಿ ಉಳಿಯಲಿಲ್ಲ. ಒಂದೊಂದು ಮನೆ ಒಂದೊಂದು ದಿಕ್ಕಿಗೆ ಹೋಯಿತು. ತಾಯಿ ಮಗ ಎತ್ತ ಹೋದರೆಂದು ಕೇಳಿ ತಿಳಿದುಕೊಳ್ಳಲು ನನ್ನಿಂದ ಆಗಲಿಲ್ಲ.

ಮುಂದೊಂದು ದಿನ ಮೇಲಿನ ಅಧಿಕಾರಿಯೊಬ್ಬರು ಹಳ್ಳದ ಪಂಚಾಯ್ತಿ ಹೇಗೆ ನಡೆದಿದೆ ಎಂದು ನೋಡಲು ಬಂದರು. ಗೌಡರು ಪುಸ್ತಕ ತರಿಸಿ ಆ ಪುಟವನ್ನೇ ತೆರೆಸಿ ಕೊಟ್ಟರು. ಅಧಿಕಾರಿ ಓದಿ ತಲೆಯಾಡಿಸಿದರು. "ಕೊಟ್ರೂ ಬ್ಯಾಡಂದ್ರೇನು? ಎಂಥಾ ಜನರಿ ಇವ್ರು!"

ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಕಡೆ ನೋಡಿ, ಬರೆದದ್ದು ಸರಿಯಾಗಿದೆಯೇ ಎಂದು ಕೇಳಿದರು. ಸರಿಯಾಗಿದೆ ಎಂದೆ.