ನಮ್ಮತ್ತೆ ಸುರಿದ ತರಗೆಲೆ

ಗೋಡೆ ಬಿತ್ತು! ಇವತ್ತು ಬೆಳಗ್ಗೆ ತಿಂಡಿ ಹೊತ್ತಿಗೆ ಕೋರ್ಟಿನ ಆರ್ಡರ್ ಮೇಲೆ ಜೆಸಿಬಿ ಬಂತು, ನಮ್ಮ ಗುಂಡುತೋಪಿನ ಸುತ್ತ ಕಟ್ಟಿದ್ದ ಕಾಂಪೌಂಡನ್ನು ಹಪ್ಪಳ ಮುರಿದ ಹಾಗೆ ಮುರಿದು ಹಾಕಿತು. ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ. ಹಿಂದಿನಿಂದ ಮೊಮ್ಮಗಳು, “ಅಜ್ಜಿ, ನಿಧಾನ! ಬಿದ್ಗಿದ್ದೀಯ!” ಎಂದು ಕೂಗಿದಳು.

“ಇವತ್ತು ಬೀಳೋದು ಗೋಡೆ ಕಣೇ, ನಾನಲ್ಲ,” ಎಂದೆ.

ಈ ಸಂತೋಷದಲ್ಲಿ ಮುಕ್ಕಾಲು ಪಾಲು ನಮ್ಮತ್ತೆಯದು. ಅವರು ಇದನ್ನು ನೋಡದೆ ಹೋದರು. ಅದಕ್ಕೇ ಬರೆಯಲು ಕೂತಿದ್ದೇನೆ. ನನ್ನದು ನಾಲ್ಕನೇ ಕ್ಲಾಸಿನ ಬರವಣಿಗೆ, ಒತ್ತಕ್ಷರ ಮೊಮ್ಮಗಳು ನೋಡಿಕೊಳ್ಳುತ್ತಾಳೆ.

ನಮ್ಮತ್ತೆಗೆ ಮೂಗಿನ ಎರಡೂ ಕಡೆ ಕೆಂಪು ಹರಳಿನ ಮೂಗುತಿ. ಸಿಟ್ಟು ಬಂದರೆ ಬಾಯಿ ಬಿಡುತ್ತಿರಲಿಲ್ಲ. ಹೊಳ್ಳೆ ಅರಳಿ ಎರಡು ಹರಳೂ ನಡುಗುತ್ತಿದ್ದವು. ಮನೆಯವರೆಲ್ಲ ಆ ಹರಳು ನೋಡಿಕೊಂಡೇ ಮಾತಾಡುತ್ತಿದ್ದೆವು. ಮರೆವು ಎನ್ನುವುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಏನೋ ಒಂದು ಮಾತಿಗೆ ನಾನು ಎದುರಾಡಿದ್ದೆನಂತೆ. ವರ್ಷಗಳ ಮೇಲೆ, ಎರಡನೇ ಬಾಣಂತನದಲ್ಲಿ ನನಗೆ ಎಣ್ಣೆ ತಟ್ಟುತ್ತಾ, “ಅವತ್ತು ಅಂಗಂದಿದ್ದೆ ನೀನು,” ಎಂದು ನೆತ್ತಿಗೆ ಎರಡು ಏಟು ಜೋರಾಗಿಯೇ ತಟ್ಟಿದರು. ಆಮೇಲೆ ಸಾಂಬ್ರಾಣಿ ಹೊಗೆ ಹಾಕಿ, ತಾವೇ ಕೈಯಾರೆ ಮೆಣಸಿನ ಸಾರು ಅನ್ನ ಉಣ್ಣಿಸಿದರು. ಹಾಗಿದ್ದರು.

ನಮ್ಮದು ಜಕ್ಕೂರು ಕೆರೆಯ ಆಚೆಗಿನ ಹಳೇ ಊರು. ತೋಪು ಊರಿನವರೆಲ್ಲರದು: ಮಾವು, ನೇರಳೆ, ಹೊಂಗೆ. ವಾರಕ್ಕೊಮ್ಮೆ ಹೆಂಗಸರೆಲ್ಲ ಸೇರಿ ಗುಡಿಸಿ, ತರಗೆಲೆಯನ್ನು ತಿಪ್ಪೆಗೆ ಹೊರುತ್ತಿದ್ದೆವು. ಹೊಂಗೆ ಮರಗಳ ಮೂಲೆಗೆ ಮಾತ್ರ ಪೊರಕೆ ತಾಗಿಸುವ ಹಾಗಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಅತ್ತೆ ನನ್ನನ್ನು ಅಲ್ಲೇ ಕೂರಿಸಿ, “ನೋಡ್ತಾ ಇರು,” ಎಂದರು. ಎಷ್ಟು ನೋಡಿದರೂ ಬರೀ ಒಣಗಿದೆಲೆ. ಅವರು ಸೆರಗು ಬೀಸಿದರು. ಎಲೆಗಳ ನಡುವಿನಿಂದ ಒಂದೆಲೆ ಎದ್ದು, ಓಲಾಡಿಕೊಂಡು ಒಂದು ಮಾರು ಹಾರಿ, ಮತ್ತೆ ಎಲೆಗಳೊಳಗೆ ಬಿದ್ದು ಕಾಣದಾಯಿತು. ಚಿಟ್ಟೆ! ರೆಕ್ಕೆ ಮುಚ್ಚಿದರೆ ಅದೇ ಕಂದು, ಅದೇ ನಡುನರ. ಉದುರಿದ ಎಲೆಯ ಹಾಗೆಯೇ ಒಂದು ಕಡೆ ವಾಲಿ ಕೂರುತ್ತದೆ ಕಳ್ಳದು.

“ಇವು ಸತ್ತೋದ ನಮ್ಮ ಇರೀಕರು ಕಣೇ. ಎದುರ್ಗೇ ಇರ್ತಾರೆ, ನಮಗ್ ಕಾಣಲ್ಲ,” ಎಂದರು.

ಹಗಲೆಲ್ಲ ಬಿದ್ದುಕೊಂಡಿದ್ದು ಮುಸ್ಸಂಜೆಗೆ ಏಳುವ ಜಾತಿ ಅದು. ದೀಪ ಕಂಡರೆ ಮನೆಯೊಳಗೂ ಬರುತ್ತದೆ. ಬಂದರೆ ನಮ್ಮಲ್ಲಿ ಓಡಿಸುವುದಿಲ್ಲ. ಮನೆಯ ದೊಡ್ಡವರು ಕೈ ಮುಗಿದು, “ಏನಾದ್ರೂ ಬಾಕಿ ಐತಾ?” ಎಂದು ಕೇಳಬೇಕು. ಒಂದು ದಿನ ಬಂದರೆ ನೋಡಿ ಹೋಗಲು ಬಂದರು ಅಂತ ಅರ್ಥ. ದಿನಾ ಬಂದರೆ, ಸತ್ತವರಿಗೆ ಏನೋ ತೀರಿಲ್ಲ ಅಂತ ಅರ್ಥ.

ಇಂಥ ತೋಪಿನ ಮೇಲೆ ಮೂಲೆಮನೆಯವನ ಕಣ್ಣು ಬಿತ್ತು. ಅವನು ಪರಕೀಯನಲ್ಲ, ನಮ್ಮ ದಾಯಾದಿ. ಅವನ ತಾಯಿಗೆ ಹಾಲು ಬತ್ತಿದಾಗ ನಮ್ಮತ್ತೆ ತಮ್ಮ ಮಗನನ್ನು ಒಂದು ಮಗ್ಗುಲಿಗೆ, ಅವನನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಎದೆಹಾಲು ಕೊಟ್ಟಿದ್ದರು. ಅವನಪ್ಪ ಕೆರೆಯಿಂದ ನೀರು ಹೊತ್ತು ತೋಪಿನ ಸಸಿಗಳನ್ನು ಸಾಕಿದ ಮಹರಾಯ, ಈಗಿಲ್ಲ. ಮಗ ಲೇಔಟು ಮಾಡಿ ದುಡ್ಡು ಕಂಡ. ಮೊದಲು ತಗಡು ಬಂತು, ಆಮೇಲೆ ಗೋಡೆ. ಅದಕ್ಕೆ ಅಂಟಿಕೊಂಡೇ ಅವನ ಮೂರಂತಸ್ತಿನ ಮನೆ. ಮದುವೆ ಹಾಲ್ ಕಟ್ಟುತ್ತೇನೆಂದು ಒಳಗಿನ ಅರ್ಧ ಮರ ಕಡಿಸಿದ, ಹೊಂಗೆ ಮೂಲೆಯ ಎಲೆಯನ್ನೆಲ್ಲ ಒಟ್ಟಿ ಬೆಂಕಿ ಇಡಿಸಿದ. ಆ ಹೊಗೆ ನಮ್ಮ ನಡುಮನೆಯವರೆಗೂ ಬಂತು. ಅವತ್ತಿನಿಂದ ಸಂಜೆ ದೀಪಕ್ಕೆ ಒಂದು ಚಿಟ್ಟೆಯೂ ಬರಲಿಲ್ಲ. ಅತ್ತೆ ದಿನಾ ಹೊಸಿಲ ಹತ್ತಿರ ಕೂತು ಕಾಯುತ್ತಿದ್ದರು. ಹರಳು ಮಾತ್ರ ನಡುಗುತ್ತಿತ್ತು.

ಊರಿನವರು ಕೋರ್ಟಿಗೆ ಹೋದರು. ಹೆಂಗಸರು, “ಇಡಿ ಮಣ್ಣು ತೂರಿ ಶಾಪ ಹಾಕ್ಬಿಡಮ್ಮೋ,” ಎಂದರು.

“ಶಾಪ ದೇವ್ರ ಕೈಲಿ ಮಾಡ್ಸೋ ಕೆಲ್ಸ. ಇದನ್ನ ನನ್ ಕೈಯಾರ ಮಾಡ್ಬೇಕು,” ಎಂದರು ನಮ್ಮತ್ತೆ.

ಗೋಡೆಗೂ ಮೋರಿಗೂ ನಡುವೆ ಒಂದು ಮೊಳ ಅಗಲದ ಹುಲ್ಲಿನ ಪಟ್ಟಿ ಉಳಿದಿತ್ತು. ಅದರಲ್ಲಿ ಒಂದೇ ಒಂದು ತರಗೆಲೆ ಚಿಟ್ಟೆ ಅವರ ಕಣ್ಣಿಗೆ ಬಿತ್ತು. ಸರಿ, ಮಾರನೆಯ ದಿನದಿಂದ ಶುರು. ಗೋಡೆಯಾಚೆಗೆ ಚಾಚಿದ ಕೊಂಬೆಗಳಿಂದ ಬೀದಿಗೆ ಉದುರಿದ ಎಲೆಯನ್ನೆಲ್ಲ ಬಿದಿರಿನ ಮಂಕರಿಗೆ ತುಂಬಿ, ಆ ಪಟ್ಟಿಯುದ್ದಕ್ಕೂ ಸುರಿದುಕೊಂಡು ಹೋಗಿ, ಕೊನೆಯ ಮಂಕರಿಯನ್ನು ಅವನ ಗೇಟಿನ ಮಗ್ಗುಲಲ್ಲಿ ಸುರಿಯುವುದು. ಅವನು ಕಾರಿನಿಂದ ಇಳಿದು ಬಂದ.

“ಏನ್ ದೊಡ್ಡಮ್ಮ ಇದು? ದಿನಾ ಕಸ ತಂದ್ ಸುರೀತೀರಲ್ಲ!”

“ಕಸ ಅಲ್ಲ ಕಣಪ್ಪ. ತೋಪು ನಿಂದು ಅಂದ್ಮೇಲೆ ಎಲೆನೂ ನಿಂದೇ. ಇನ್ನೊಬ್ರುದ್ದು ನಾನ್ ಇಟ್ಕೊಳಲ್ಲ.”

ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಅವನು ವಾಚ್‌ಮನ್ ಕೈಗೆ ಹುಲ್ಲು ಸಾಯಿಸುವ ಔಷಧಿ ಕೊಟ್ಟು ಕಳಿಸಿದ. ಅತ್ತೆ ಹೋಗಿ ಆ ಹುಲ್ಲಿನ ಮೇಲೆಯೇ ಕಾಲು ಚಾಚಿ ಕೂತು, “ನನ್ ಮೇಲೇ ಒಡಿ ಮಗ, ನಂಗೂ ವಯಸ್ಸಾಯ್ತು,” ಎಂದರು. ಆ ಹುಡುಗ ಕ್ಯಾನು ಕೆಳಗಿಟ್ಟು ಕೈ ಮುಗಿದ.

ಮಳೆಗಾಲ ಕಳೆಯುವಷ್ಟರಲ್ಲಿ ಆ ಹುಲ್ಲಿನಲ್ಲೇ ಮೊಟ್ಟೆಯೊಡೆದು ಪಟ್ಟಿ ತುಂಬಾ ಚಿಟ್ಟೆ. ಅವನೋ, ಮನೆ ಸುತ್ತ ಮದುವೆ ಮನೆಗೆ ಹಾಕಿದ ಹಾಗೆ ಲೈಟು ಹಾಕಿಸಿದ್ದ. ಮುಸ್ಸಂಜೆಯಾದರೆ ಸಾಕು, ಎದ್ದವೆಲ್ಲ ನೇರ ಅವನ ಮನೆಗೇ! ಕೋರ್ಟಿಗೆ ಹೆದರದವನು, ಊರಿಗೆ ಹೆದರದವನು, ದಿನಾ ಬರುವ ಚಿಟ್ಟೆಗೆ ಹೆದರಿದ. ಎಷ್ಟಾದರೂ ಇದೇ ಊರಿನ ನೀರು ಕುಡಿದು ಬೆಳೆದವನಲ್ಲವೇ. ಅವನ ಹೆಂಡತಿ ಒಂದು ದಿನ ನಮ್ಮ ಜಗಲಿಗೆ ಬಂದು ಅತ್ತಳು.

“ಅತ್ತೆಮ್ಮ, ನಮ್ಮ ಮಾವ ದಿನಾ ಬರ್ತಾವ್ರೆ. ಏನ್ ಬಾಕಿ ಅಂತ ಕೇಳಿದ್ರೆ ಗೋಡೆಗ್ ಕೂತ್ಕೊಂಡ್ ಸುಮ್ನೆ ನೋಡ್ತಾವ್ರೆ.”

“ನಿನ್ ಗಂಡನ್ ಕೇಳು. ಅವನಿಗ್ ಗೊತ್ತೈತೆ.”

ನೀರು ಕೊಟ್ಟರು, ಕುಂಕುಮ ಕೊಟ್ಟರು, ಇನ್ನೊಂದು ಮಾತು ಕೊಡಲಿಲ್ಲ.

ಆಮೇಲೆ ಅವನು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಚಿಟ್ಟೆ ಬಾರದಿರಲೆಂದು ಸಂಜೆಯಾದರೆ ಮನೆಯ ಎಲ್ಲ ದೀಪ ಆರಿಸತೊಡಗಿದ. ದೇವರ ಮನೆಯದೂ ಸೇರಿ! ಊರಿನ ಗುಡಿಸಲಲ್ಲೂ ದೀಪ ಹಚ್ಚುವ ಹೊತ್ತಿಗೆ ಆ ಮೂರಂತಸ್ತು ಕಗ್ಗತ್ತಲು. ಮುಸ್ಸಂಜೆಗೆ ದೀಪವಿಲ್ಲದ ಮನೆ ಎಂದರೆ ಏನೆಂದು ನಮ್ಮಂಥವರಿಗೆ ಹೇಳಿಕೊಡಬೇಕೇ? ಅತ್ತೆ ಜಗಲಿಯಲ್ಲಿ ಕೂತು ಆ ಕತ್ತಲನ್ನೇ ನೋಡುತ್ತಾ ಎಲೆಅಡಿಕೆ ಹಾಕಿಕೊಂಡರು. ಅವತ್ತು ಹರಳು ನಡುಗಿದ್ದು ಸಿಟ್ಟಿಗಲ್ಲ.

ಹೋದ ವರ್ಷ ಮಲಗಿಬಿಟ್ಟರು. ಆಸ್ಪತ್ರೆ ಬೇಡವೆಂದರು. ಕೊನೆಗೆ ನನ್ನ ಮುಂಗೈ ಹಿಡಿದು, “ನಾನ್ ಓದ್ಮೇಲೆ ಅಯ್ಯೋ ಪಾಪ ಅಂತ ಎಲ್ಲಾರೂ ರಾಜಿ ಆಗ್ಬಿಡ್ತೀರ. ಆಗ್ಬ್ಯಾಡಿ. ಮರಕ್ಕೆ ಬಾಯಿಲ್ಲ, ಉಳಕ್ಕೆ ಬಾಯಿಲ್ಲ. ನಾವಾದ್ರೂ ನೆಪ್ಪಿಟ್ಕೋಬೇಕು,” ಎಂದರು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಬೆಳಗ್ಗೆ ಮಂಕರಿ ನಾನು ಎತ್ತಿಕೊಂಡೆ. ಸೊಂಟ ನೋಯುತ್ತದೆ. ನೋಯಲಿ. ಅವರಿಂದ ನಾನು ಅಡುಗೆ ಕಲಿತೆ, ಬಾಣಂತನ ಕಲಿತೆ. ಆದರೆ ಅವರ ದೊಡ್ಡ ಋಣ ಇದು: ಕೈಲಾಗದವರು ಸೇಡನ್ನು ಹೇಗೆ ಆರದಂತೆ ಕಾಪಾಡಬೇಕು ಎಂದು ಕಲಿಸಿಕೊಟ್ಟರು.

ಇವತ್ತು ಗೋಡೆ ಬಿದ್ದ ಜಾಗದಲ್ಲಿ, ಪಟ್ಟಿಯ ಎಲೆಯನ್ನು ಮಂಕರಿಗೆ ಬಾಚಿ ಒಳಗಿನ ಹೊಂಗೆ ಮರದ ಬುಡಕ್ಕೆ ಸುರಿದೆ. ಉಳಿದಿರುವುದು ಅದೊಂದೇ ಹೊಂಗೆ. ಮೊಮ್ಮಗಳು ಬಗ್ಗಿ ನೋಡುತ್ತಿದ್ದವಳು, “ಅಜ್ಜಿ, ಎಲೆ ನಡೀತಿದೆ!” ಎಂದಳು. ನಡೆಯಲಿಲ್ಲ, ಹಾರಿತು. ಒಂದು ಮಾರು ಹಾರಿ ತೋಪಿನೊಳಗೇ ಕೂತಿತು. ನನಗೆ ಕುಣಿಯುವಂತಾಯಿತು.

ಮೂಲೆಮನೆಯವನು ತನ್ನ ಗೇಟಿನ ಹತ್ತಿರ ನಿಂತಿದ್ದ. ಮುಖ ಇಳಿದು ಹೋಗಿತ್ತು. “ಈಗ ಖುಷಿ ಆಯ್ತಾ ಅತ್ತಿಗೆ?” ಎಂದ.

“ಆಯ್ತಪ್ಪ. ಸುಳ್ಳ್ಯಾಕ್ ಹೇಳ್ಲಿ? ಬಾಳ ಖುಷಿ ಆಯ್ತು.”

ಸಂಜೆ ಮಕ್ಕಳು, ಸೊಸೆಯಂದಿರು, ಬಾಗಲಗುಂಟೆಯಿಂದ ಮಗಳು ಅಳಿಯ, ಎಲ್ಲರೂ ಸೇರಿದರು. ನಡುಮನೆ ತುಂಬಾ ಸಾಲಾಗಿ ಕೂತು ಮುದ್ದೆ, ಹಿತಕಿದ ಅವರೆಬೇಳೆ ಸಾರು. ಸೊಗಡು ಬೀದಿಗೆಲ್ಲ ಹೋಗಿರಬೇಕು. ಊಟದ ನಡುವೆ ದೊಡ್ಡ ಮಗ ತಲೆ ಬಗ್ಗಿಸಿಕೊಂಡೇ ಹೇಳಿದ: “ಅಮ್ಮ, ಅವ್ರ ಮನೇಲಿ ಇವತ್ತು ಒಲೆ ಹಚ್ಚಿದ್ರೋ ಇಲ್ವೋ. ಒಂದು ಕ್ಯಾರಿಯರ್ ಕಳ್ಸೋಣ್ವಾ?”

ಎಲ್ಲರೂ ನನ್ನ ಮುಖ ನೋಡಿದರು.

“ಇವತ್ತು ಬೇಡ,” ಎಂದೆ. ಸ್ವಲ್ಪ ಯೋಚಿಸಿ, “ನಾಳೆನೂ ಬೇಡ,” ಎಂದೆ.

ಸೊಸೆ ನಕ್ಕುಬಿಟ್ಟಳು. ನಾನು ತಟ್ಟೆ ಮುಂದೆ ಚಾಚಿ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.