ಹತ್ತೊಂಬತ್ತು ಎಂದು ಬರೆದವಳು

ನನ್ನ ಮಗಳ ಕ್ಲಾಸ್ ಟೀಚರ್ ಹತ್ತು ಜನರ ಮುಂದೆ ತಲೆ ತಗ್ಗಿಸಬೇಕು ಎಂದು ನಾನು ಹನ್ನೊಂದು ದಿನ ತಯಾರಿ ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಜಗಳಗಂಟ ಅಲ್ಲ. ಊರು ಬಿಟ್ಟು ಗಲ್ಫಿಗೆ ಬಂದು, ಅರ್ದಿಯಾ ಎಂಬಲ್ಲಿನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದೇನೆ. ತಟ್ಟೆ, ಲೋಟ, ಕಾಫಿ ಮಗ್ಗು ಬರುವ ಗೋದಾಮು. ಇಷ್ಟು ವರ್ಷದಲ್ಲಿ ಅಲ್ಲಿ ಯಾರ ಜೊತೆಗೂ ಮಾತಿಗೆ ಮಾತು ಬೆಳೆಸಿದವನಲ್ಲ. ಆದರೆ ಆ ಹನ್ನೊಂದು ದಿನ ಊಟಕ್ಕೆ ಕೂತಾಗಲೂ ಬಸ್ಸಿನಲ್ಲಿ ನಿಂತಾಗಲೂ ಆಕೆಯ ಮುಖ ಕೆಂಪಾಗುವುದನ್ನೇ ನೆನೆಸಿಕೊಂಡು ಖುಷಿಪಟ್ಟಿದ್ದೇನೆ.

ಮಗಳಿಗೆ ಆಗ ಎಂಟು ವರ್ಷ, ಮೂರನೇ ಕ್ಲಾಸು. ವರ್ಷದ ಕೊನೆಯ ಪರೀಕ್ಷೆಗೆ ಸ್ವಲ್ಪ ಮುಂಚೆ ಶಾಲೆಯಿಂದ ಕರೆ ಬಂತು. ನನ್ನ ಹೆಂಡತಿ ಜಹ್ರಾ ಪಟ್ಟಣದ ಕ್ಲಿನಿಕ್ಕಿನಲ್ಲಿ ನರ್ಸು. ಅವಳಿಗೆ ಡ್ಯೂಟಿ ಇದ್ದುದರಿಂದ ನಾನೊಬ್ಬನೇ ಹೋದೆ. ಟೀಚರ್ ಮೈಸೂರು ಕಡೆಯವರು. ನಾನೂ ಕನ್ನಡದವನು ಎಂದು ಗೊತ್ತಾದ ಮೇಲೆ ಇಂಗ್ಲಿಷು ಬಿಟ್ಟು ಕನ್ನಡದಲ್ಲೇ ಮಾತಾಡಿದರು. ಅದೇ ಹೆಚ್ಚು ಚುಚ್ಚಿತು. ಇಂಗ್ಲಿಷಿನಲ್ಲಿ ಹೇಳಿದ್ದರೆ ಅರ್ಧ ನನಗೆ ಅರ್ಥವಾಗುತ್ತಿರಲಿಲ್ಲ.

ಮಗಳ ಉತ್ತರ ಪತ್ರಿಕೆ ತೆಗೆದು ತೋರಿಸಿದರು. ಅದರಲ್ಲಿ ಒಂದು ಚಿತ್ರ. ಚೌಕ ಚೌಕ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿದ ಗುಡ್ಡೆ. ಉದ್ದಕ್ಕೆ ಮೂರು, ಅಗಲಕ್ಕೆ ಮೂರು, ಎತ್ತರಕ್ಕೆ ಮೂರು. ಎಷ್ಟು ಪೆಟ್ಟಿಗೆ ಇದೆ ಎಂದು ಪ್ರಶ್ನೆ. ಇಪ್ಪತ್ತೇಳು ಬರಬೇಕಿತ್ತು. ಮಗಳು ಹತ್ತೊಂಬತ್ತು ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು. ಅದರ ಕೆಳಗಿನ ಇನ್ನೂ ಎರಡು ಚಿತ್ರಕ್ಕೂ ಹಾಗೇ ಗೀಟು.

"ನೋಡಿ ಸರ್, ಇವಳು ಚಿತ್ರದಲ್ಲಿ ಕಾಣೋದನ್ನ ಮಾತ್ರ ಎಣಿಸ್ತಾಳೆ. ಹಿಂದೆ, ಒಳಗೆ ಇರೋದು ಇವಳ ತಲೆಗೆ ಬರೋದೇ ಇಲ್ಲ. ಏಳೆಂಟು ವರ್ಷಕ್ಕೆ ಮಕ್ಕಳಿಗೆ ಅದು ತಾನಾಗೇ ಬಂದ್ಬಿಡುತ್ತೆ. ಇವಳಿಗೆ ಇನ್ನೂ ಬಂದಿಲ್ಲ. ಮೆಚ್ಯೂರಿಟಿ ಸಾಲದು."

ಹೀಗೆ ಹೇಳಿ ಒಂದು ಫಾರಂ ಕೊಟ್ಟರು. ಮಗು ಇನ್ನೊಂದು ವರ್ಷ ಮೂರನೇ ಕ್ಲಾಸಿನಲ್ಲೇ ಓದಲು ಪೋಷಕರ ಒಪ್ಪಿಗೆ ಇದೆ ಎಂದು ಅಚ್ಚಾಗಿತ್ತು. ಕೆಳಗೆ ನನ್ನ ಸಹಿಗೆ ಜಾಗ. ಪೋಷಕರನ್ನು ಕರೆಯುವ ಮುಂದಿನ ಓಪನ್ ಹೌಸ್ ದಿನ ತಂದುಕೊಟ್ಟರೆ ಸಾಕು, ಆತುರವಿಲ್ಲ ಎಂದರು. ಆಕೆ ಒರಟಾಗಿ ಏನೂ ಮಾತಾಡಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದು, ಬೇಜಾರು ಮಾಡ್ಕೋಬೇಡಿ ಎಂದೂ ಹೇಳಿದರು.

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿಕೊಂಡೆ.

ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ ಇರುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ನಮ್ಮಪ್ಪ ಅಮ್ಮ ರಸ್ತೆಗೆ ಡಾಂಬರು ಹಾಕುವ ಗುಂಪಿನಲ್ಲಿ ಕೆಲಸಕ್ಕಿದ್ದರು. ರಸ್ತೆ ಮುಂದಕ್ಕೆ ಹೋದ ಹಾಗೆ ನಮ್ಮ ಗುಡಿಸಲೂ ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಕುಣಿಗಲ್ಲಿನಲ್ಲಿ ನೆಲೆ ನಿಂತು ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿದಾಗ ನನಗೆ ಹತ್ತು ತುಂಬಿತ್ತು. ಆರು ವರ್ಷದ ಮಕ್ಕಳ ನಡುವೆ ಮಂಡಿ ಮಡಚಿ ಕೂರುತ್ತಿದ್ದೆ. ಜಲ್ಲಿಯ ಗುಡ್ಡೆ ನೋಡಿ ಎಷ್ಟು ಪುಟ್ಟಿ ಆಗುತ್ತದೆ ಎಂದು ಹೇಳಬಲ್ಲವನಾಗಿದ್ದೆ, ಅಕ್ಷರ ಮಾತ್ರ ಬರುತ್ತಿರಲಿಲ್ಲ. ಮೇಷ್ಟ್ರು ನನಗೆ ಬಲಿತ ಬೆಂಡೆಕಾಯಿ ಎಂದು ಹೆಸರಿಟ್ಟರು. ಆ ಹೆಸರು ಏಳನೇ ಕ್ಲಾಸಿನವರೆಗೂ ಬಂತು. ಆ ಮೇಷ್ಟ್ರು ಈಗಿಲ್ಲ, ಅವರಿಗೆ ನಾನು ಏನೂ ಮಾಡುವ ಹಾಗಿಲ್ಲ. ಈ ಟೀಚರ್ ಮಾತ್ರ ಕೈಗೆ ಸಿಗುವ ದೂರದಲ್ಲೇ ಇದ್ದರು.

ಮನೆಗೆ ಬಂದವನು ಮೊದಲು ಸಿಟ್ಟು ತೀರಿಸಿಕೊಂಡದ್ದು ಮಗಳ ಮೇಲೆ. ಇಪ್ಪತ್ತೇಳು ಎನ್ನುವುದು ನಿನಗೆ ಕಾಣಲಿಲ್ಲವಾ ಎಂದು ಕೂಗಾಡಿದೆ. ಅವಳು ಪೆನ್ಸಿಲ್ ಕಚ್ಚುತ್ತಾ ನಿಂತಿದ್ದಳು. ಟೀಚರ ಹತ್ತಿರ ವಾದ ಮಾಡಬಾರದು, ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ನಾನೇ ಅವಳಿಗೆ ಕಲಿಸಿದ್ದೆ. ಅದನ್ನು ಅವಳು ಅಪ್ಪನಿಗೂ ಅನ್ವಯಿಸಿದ್ದಳು. ಹೆಂಡತಿ ಡ್ಯೂಟಿ ಮುಗಿಸಿ ಬಂದು ಫಾರಂ ಓದಿ, ಸಹಿ ಹಾಕೋದು ಬಿಡೋದು ಆಮೇಲೆ ನೋಡೋಣ, ಮೊದಲು ಮಗು ಊಟ ಮಾಡಲಿ ಎಂದಳು.

ಶನಿವಾರ ಶಾಲೆಗೆ ರಜೆ, ಹೆಂಡತಿಗೆ ಡ್ಯೂಟಿ. ಅಂಥ ಶನಿವಾರ ಮಗಳು ನನ್ನ ಜೊತೆ ಗೋದಾಮಿಗೆ ಬರುತ್ತಾಳೆ. ಅವತ್ತೂ ಬಂದಳು. ನಾನು ಒಂದು ಲಾರಿಯ ಕಾಗದ ನೋಡುತ್ತಿದ್ದೆ. ಅವಳು ಮರದ ಹಲಗೆಯ ಮೇಲೆ ಪೆಟ್ಟಿಗೆ ಪೇರಿಸಿದ ಒಂದು ಪ್ಯಾಲೆಟ್ಟಿನ ಸುತ್ತ ಸುತ್ತಿ, ಪ್ರತಿ ಪೆಟ್ಟಿಗೆಯನ್ನೂ ಬೆರಳಿನಿಂದ ಮುಟ್ಟಿ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಅಂಕಿ ಬರೆದಳು. ಇರಬೇಕಾದ್ದಕ್ಕಿಂತ ಕಡಿಮೆ ಬರೆದಿದ್ದಳು. ಒಳಗಿನದನ್ನು ಯಾಕೆ ಬಿಟ್ಟೆ ಎಂದು ಕೇಳಿದೆ.

"ತೆಗ್ದು ನೋಡ್ದೆ ಎಣಿಸ್ಬಾರ್ದು ಅಂತ ನೀನೇ ಹೇಳಿದ್ದಲ್ವಾ? ದಟ್ಸ್ ಯುವರ್ ರೂಲ್, ಅಪ್ಪ."

ನಾನು ಲಾರಿಯ ಕಾಗದ ಬದಿಗಿಟ್ಟೆ.

ಅದು ನಿಜವಾಗಿಯೂ ನನ್ನದೇ ಕಾನೂನು. ಮೂರು ವರ್ಷದ ಹಿಂದೆ ತಟ್ಟೆಗಳ ಒಂದು ಲೋಡು ಬಂದಿತ್ತು. ಸುತ್ತ ಪ್ಲಾಸ್ಟಿಕ್ ಬಿಗಿದು, ನಾಲ್ಕು ಕಡೆಯಿಂದಲೂ ತುಂಬಿದ ಪ್ಯಾಲೆಟ್ಟು. ನಾನು ಉದ್ದ, ಅಗಲ, ಎತ್ತರ ಗುಣಿಸಿ ಸಹಿ ಹಾಕಿದೆ. ಬಿಚ್ಚಿದಾಗ ಒಳಗೆ ಬಾವಿಯ ಹಾಗೆ ಟೊಳ್ಳು. ಮೇಲಿನ ಸಾಲಿನ ಕೆಳಗೆ ರಟ್ಟು ಹಾಸಿ ಅದನ್ನು ಮುಚ್ಚಿದ್ದರು. ಸೂಪರ್‌ವೈಸರ್ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಬಾರದ್ದನ್ನೆಲ್ಲ ಕೇಳಿದ. ಅವತ್ತಿನಿಂದ ಕಾಣದ ಪೆಟ್ಟಿಗೆಯನ್ನು ನಾನು ಎಣಿಸುವುದಿಲ್ಲ. ಮಗಳು ಎಣಿಸಲು ಕಲಿತದ್ದು ಇಲ್ಲಿ, ನನ್ನ ಪಕ್ಕದಲ್ಲಿ. ಒಂದು ಡಬ್ಬಿಯಲ್ಲಿ ಹನ್ನೆರಡು ಪೆನ್ಸಿಲ್ ಇದ್ದರೆ ನಾಲ್ಕು ಡಬ್ಬಿಯಲ್ಲಿ ಎಷ್ಟು ಎಂದು ಶಾಲೆಯಲ್ಲಿ ಕೇಳಿದಾಗ, ಡಬ್ಬಿಗೆ ಸೀಲ್ ಇದೆಯಾ ಎಂದು ಕೇಳಿ ಕ್ಲಾಸನ್ನೆಲ್ಲ ನಗಿಸಿದ್ದಳಂತೆ. ಅದೂ ಅವತ್ತೇ ಗೊತ್ತಾಯಿತು.

ಬುದ್ಧಿವಂತನಾದವನು ಮಾರನೇ ದಿನವೇ ಶಾಲೆಗೆ ಹೋಗಿ ಇದನ್ನು ಟೀಚರಿಗೆ ಬಿಡಿಸಿ ಹೇಳುತ್ತಿದ್ದ. ಹೆಂಡತಿಯೂ ಅದನ್ನೇ ಹೇಳಿದಳು. ಫೋನ್ ಮಾಡಿ ರೀ, ಎರಡು ಮಾತಲ್ಲಿ ಮುಗಿಯುತ್ತೆ ಎಂದಳು. ನನಗೆ ಎರಡು ಮಾತಲ್ಲಿ ಮುಗಿಯುವುದು ಬೇಕಿರಲಿಲ್ಲ. ನನ್ನ ಮಗಳ ತಲೆಗೆ ಬರುವುದಿಲ್ಲ ಎಂದವರ ತಲೆಗೂ ಬರುವುದಿಲ್ಲ ಎಂದು ಎಲ್ಲರೂ ನೋಡಬೇಕಿತ್ತು. ಓಪನ್ ಹೌಸಿಗೆ ಹನ್ನೊಂದು ದಿನ ಇತ್ತು.

ಗೋದಾಮಿನಲ್ಲಿ ಕಾಫಿ ಮಗ್ಗಿನ ಖಾಲಿ ಪೆಟ್ಟಿಗೆಗಳು ಬಿದ್ದಿರುತ್ತವೆ. ಒಂದೊಂದು ಗೇಣಿಗಿಂತ ಚಿಕ್ಕದು, ಎಲ್ಲ ಕಡೆಯೂ ಒಂದೇ ಅಳತೆ. ಮೂಲೆ ನಜ್ಜಾಗದ ಇಪ್ಪತ್ತೈದನ್ನು ಆರಿಸಿದೆ. ಊಟದ ಬಿಡುವಿನಲ್ಲಿ ಮೇಜಿನ ಮೇಲೆ ಜೋಡಿಸಿ ನೋಡಿದೆ. ಕೆಳಗೆ ಎಂಟು, ಅದರ ಮೇಲೆ ಎಂಟು, ನಡುವೆ ಟೊಳ್ಳು. ಅದರ ಮೇಲೆ ರಟ್ಟು, ರಟ್ಟಿನ ಮೇಲೆ ಒಂಬತ್ತು. ಮೊದಲ ಸಲ ರಟ್ಟಿನ ಅಂಚು ಕಂಡಿತು. ಕತ್ತರಿಸಿ ಚಿಕ್ಕದು ಮಾಡಿದೆ. ಲೋಡಿಂಗಿನ ಬಿಹಾರಿ ಹುಡುಗರು, ಭಾಯಿ ಮನೆ ಆಟ ಆಡ್ತಾ ಇದಾನೆ ಎಂದು ನಕ್ಕರು. ನಾನು ಅವರಲ್ಲೊಬ್ಬನನ್ನು ಕರೆದು ಎಷ್ಟಿದೆ ಎಂದು ಕೇಳಿದೆ. ಇಪ್ಪತ್ತೇಳು ಎಂದ. ನನಗೆ ಧೈರ್ಯ ಬಂತು.

ಓಪನ್ ಹೌಸ್ ದಿನ ಕ್ಲಾಸಿನೊಳಗೆ ಒಂದು ಹತ್ತು ಹದಿನೈದು ಜನ ಪೋಷಕರು ಸಾಲಾಗಿ ಕೂತಿದ್ದರು. ಕೇರಳದವರು, ತಮಿಳರು, ಹೈದರಾಬಾದಿನವರು. ನಮ್ಮ ಸರದಿ ಬಂದಾಗ ಫಾರಂ ತಂದಿದೀರಾ ಎಂದು ಟೀಚರ್ ಮೆಲ್ಲಗೆ ಕೇಳಿದರು. ತಂದಿದ್ದೇನೆ, ಒಂದು ನಿಮಿಷ ಎಂದು ಚೀಲದಿಂದ ಪೆಟ್ಟಿಗೆ ತೆಗೆದು ಅವರ ಮೇಜಿನ ಮೇಲೆ ಜೋಡಿಸಲು ಶುರು ಮಾಡಿದೆ. ಟೊಳ್ಳು ಕಾಣದ ಹಾಗೆ ಬೆನ್ನು ಅಡ್ಡ ಹಿಡಿದಿದ್ದೆ. ಮಗಳು ಪಕ್ಕದಲ್ಲಿ ನಿಂತು ತನ್ನ ಬೂಟು ನೋಡಿಕೊಳ್ಳುತ್ತಿದ್ದಳು. ಜೋಡಿಸಿ ಮುಗಿಸಿ ಪಕ್ಕಕ್ಕೆ ಸರಿದು, ಇದರಲ್ಲಿ ಎಷ್ಟು ಪೆಟ್ಟಿಗೆ ಇದೆ ಮೇಡಂ ಎಂದು ಕೇಳಿದೆ. ಬೇಕೆಂದೇ ಹಿಂದಿಯಲ್ಲಿ ಕೇಳಿದೆ, ಎಲ್ಲರಿಗೂ ತಿಳಿಯಲಿ ಎಂದು.

ಆಕೆ ಒಂದು ಸಲ ನೋಡಿ, ನಗುತ್ತಲೇ ಇಪ್ಪತ್ತೇಳು ಎಂದರು.

ನಾನು ಮೇಲಿನ ಸಾಲನ್ನು ರಟ್ಟಿನ ಸಮೇತ ಎತ್ತಿದೆ. ಮುಂದಿನ ಸಾಲಿನಲ್ಲಿದ್ದವರು ಎದ್ದು ಬಗ್ಗಿ ನೋಡಿದರು. ಯಾರೋ ಒಬ್ಬರು ಜೋರಾಗಿ ನಕ್ಕರು, ಅವರ ಹಿಂದೆ ಉಳಿದವರು. ಟೀಚರ ಕುತ್ತಿಗೆಯಿಂದ ಕೆಂಪು ಏರುತ್ತಾ ಕೆನ್ನೆಗೆ ಬಂತು. ಹನ್ನೊಂದು ದಿನ ನಾನು ಕಂಡಿದ್ದ ಕೆಂಪಿಗಿಂತ ಅದು ಹೆಚ್ಚೇ ಇತ್ತು. ಅದನ್ನು ನಾನು ಪೂರ್ತಿ ನೋಡಿದೆ, ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ.

"ಇದು ಟ್ರಿಕ್ಕು ಸರ್. ಪುಸ್ತಕದ ಚಿತ್ರದಲ್ಲಿ ಯಾರೂ ಟೊಳ್ಳು ಇಟ್ಟಿರಲ್ಲ."

"ನಮ್ಮ ಗೋದಾಮಿಗೆ ಬರೋ ಪ್ಯಾಲೆಟ್ಟಲ್ಲಿ ಇಟ್ಟಿರ್ತಾರೆ ಮೇಡಂ. ಇವ್ಳು ಎಣಿಸೋದು ಕಲ್ತಿದ್ದು ಅಲ್ಲೇ. ಮೆಚ್ಯೂರಿಟಿ ಯಾರಿಗೆ ಸಾಲದು ಅಂತ ಈಗ ಹೇಳಿ."

ಆಕೆ ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಅದಕ್ಕೂ ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದೆ. ಆದರೆ ಆಕೆ ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿ, ಇದನ್ನ ನನಗೆ ಮೊದಲೇ ಹೇಳಬಾರದಿತ್ತಾ ಪುಟ್ಟ ಎಂದು ಕೇಳಿದರು.

ಮಗಳು ಬೂಟಿನಿಂದ ಕಣ್ಣು ಎತ್ತಿದಳು. "ಯು ನೆವರ್ ಆಸ್ಕ್ಡ್ ಮಿ, ಮಿಸ್."

ನೀವು ಕೇಳಲೇ ಇಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು ಅಷ್ಟೆ. ನನ್ನ ಇಪ್ಪತ್ತೈದು ಪೆಟ್ಟಿಗೆ ಮಾಡಲಾಗದ್ದನ್ನು ಆ ಮಾತು ಮಾಡಿತು. ಆಕೆಯ ಮುಖದ ಕೆಂಪು ಇಳಿದು, ಮುಖ ಬಿಳಿಚಿಕೊಂಡಿತು. ಎದ್ದು ನಗುತ್ತಿದ್ದವರೂ ತಮ್ಮ ಜಾಗಕ್ಕೆ ಹೋಗಿ ಕೂತರು. ನನಗೂ ಎಲ್ಲೋ ಸ್ವಲ್ಪ ತಾಗಿತು. ಮನೆಯಲ್ಲಿ ಕೂಗಾಡಿದ ದಿನ ನಾನೂ ಯಾಕೆ ಎಂದು ಕೇಳಿರಲಿಲ್ಲ. ಆದರೆ ಅದನ್ನು ಯೋಚಿಸುವ ಹೊತ್ತು ಅದಲ್ಲ ಎಂದು ಬದಿಗೆ ತಳ್ಳಿದೆ.

ಟೀಚರ್ ಡ್ರಾಯರಿನಿಂದ ಹಳೆಯ ಉತ್ತರ ಪತ್ರಿಕೆ ತೆಗೆದರು. ಆ ಚಿತ್ರವನ್ನು ಮಗಳ ಮುಂದೆ ಇಟ್ಟು, ಇದರಲ್ಲಿ ಕಾಣದೆ ಇರೋದು ಎಷ್ಟಿರಬಹುದು ಎಂದು ಕೇಳಿದರು. ಮಗಳು ಬೆರಳೂ ಎಣಿಸಲಿಲ್ಲ.

"ಎಂಟು. ಇದ್ರೆ."

ಆಕೆ ಪತ್ರಿಕೆ ಪಕ್ಕಕ್ಕಿಟ್ಟರು. ಆಮೇಲೆ ಫಾರಂ ಕೊಡಿ ಎಂದು ನನ್ನ ಕಡೆ ಕೈ ಚಾಚಿದರು. ಸಹಿ ಇಲ್ಲದ ಫಾರಂ ಕೊಟ್ಟೆ. ಅದಕ್ಕೆ ಅಡ್ಡ ಗೀಟು ಹಾಕಲು ಪೆನ್ನು ತೆಗೆದಾಗ, ಗೀಟು ಸಾಲದು, ನೀವೇ ಹರಿಯಬೇಕು ಎಂದೆ. ದನಿ ಎತ್ತರಿಸಿ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು, ಫಾರಂ ಮಡಚಿ, ಮಡಚಿದ ಗೆರೆಯ ಮೇಲೆ ನೆಟ್ಟಗೆ ಹರಿದರು. ನಂತರ ಸಾರಿ ಎಂದರು. ನನಗಲ್ಲ, ಮಗಳಿಗೆ. ಅದೊಂದು ನನಗೆ ಸೇರಬೇಕಾದ್ದು, ಮಧ್ಯದಲ್ಲೇ ಬೇರೆಯವರ ಕೈಗೆ ಹೋಯಿತು ಎನಿಸಿತು. ಇನ್ನೊಂದು ಸಲ ಕೇಳಿಸಿಕೊಳ್ಳೋಣ ಎಂದು ನಿಂತೇ ಇದ್ದೆ. ಮಗಳು ನನ್ನ ಅಂಗಿ ಎಳೆದು, ಯಲ್ಲಾ ಅಪ್ಪ, ಹೋಗೋಣ, ಬೇರೆಯವರು ಕಾಯ್ತಿದಾರೆ ಎಂದಳು.

ಏಪ್ರಿಲ್‌ನಲ್ಲಿ ನಾಲ್ಕನೇ ಕ್ಲಾಸು ಶುರುವಾಯಿತು. ಆ ಕ್ಲಾಸು ಮೇಲಿನ ಮಹಡಿಯಲ್ಲಿ. ಹೋಗಲು ಗೇಟಿನ ಪಕ್ಕದಲ್ಲೇ ಮೆಟ್ಟಿಲಿದೆ. ಮೊದಲ ದಿನ ನಾನು ಆ ಮೆಟ್ಟಿಲು ಬಿಟ್ಟು, ಮಗಳ ಕೈ ಹಿಡಿದುಕೊಂಡು ಸುತ್ತು ಹಾಕಿ ಮೂರನೇ ಕ್ಲಾಸಿನ ಬಾಗಿಲ ಮುಂದೆ ಹೋದೆ. ಹೊಸ ಮಕ್ಕಳನ್ನು ಬರಮಾಡಿಕೊಳ್ಳುತ್ತಾ ಟೀಚರ್ ಅಲ್ಲೇ ನಿಂತಿದ್ದರು. ಗುಡ್ ಮಾರ್ನಿಂಗ್ ಮೇಡಂ, ನಾಲ್ಕನೇ ಕ್ಲಾಸಿಗೆ ಹೋಗ್ತಿದೀವಿ ಎಂದೆ. ಈ ಮಾತನ್ನು ರಜೆಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡಿದ್ದೆ.

ಆಕೆ ನನಗೆ ಉತ್ತರ ಕೊಡುವಷ್ಟರಲ್ಲಿ ಮಗಳು ಕೈ ಬಿಡಿಸಿಕೊಂಡು ಅವರ ಹತ್ತಿರ ಓಡಿದಳು. ಬಾಯಿ ಅಗಲಿಸಿ ಬಿದ್ದ ಹಲ್ಲಿನ ಜಾಗ ತೋರಿಸಿದಳು. ಆಕೆ ಬಗ್ಗಿ ನೋಡಿ ಹೇಗೆ ಬಿತ್ತು ಎಂದು ಕೇಳಿದರು. ಮಗಳು ಹೇಳಲು ಶುರು ಮಾಡಿದಳು. ಆಕೆ ಪೂರ್ತಿ ಕೇಳಿಸಿಕೊಂಡರು, ನಡುವೆ ಇನ್ನೂ ಎರಡು ಪ್ರಶ್ನೆ ಕೇಳಿದರು. ನಾನು ಊಟದ ಚೀಲ ಹಿಡಿದು ಗೋಡೆ ಪಕ್ಕ ಕಾದೆ. ಲೇಟಾಗುತ್ತೆ ಬಾ ಎಂದು ಎರಡು ಸಲ ಕರೆದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಅವರಿಬ್ಬರ ನಡುವೆ ಅದು ಮುಗಿದಿದೆ. ಹೆಂಡತಿಗೂ ಮುಗಿದಿದೆ. ನಾನು ಮಾತ್ರ ಇವತ್ತಿಗೂ ಮಗಳನ್ನು ಬಿಡಲು ಹೋದಾಗ ಸುತ್ತು ದಾರಿಯಲ್ಲೇ ಹೋಗುತ್ತೇನೆ, ಆ ಬಾಗಿಲು ಬಂದಾಗ ಹೆಜ್ಜೆ ನಿಧಾನ ಮಾಡುತ್ತೇನೆ.